ಕೂರುವ ಜಾಗವಿಲ್ಲದ ಮಾತು

ಹೊರನಾಡಿನ ಕಂಪನಿಯೊಂದು ಎತ್ತರದ ಗುಡ್ಡಗಳಿರುವ ದೇಶದಲ್ಲಿ ಜಮೀನು ಕೊಂಡಿದೆ, ಇಲ್ಲಿನ ನೆಲ ಬರೆದುಕೊಟ್ಟ ಮನೆತನಗಳಿಗೆ ಅಲ್ಲಿ ಮನೆ ಸಿಗುತ್ತದೆ, ಬೇಗ ಬಂದವರಿಗೆ ಮಾತ್ರ ಎಂದು ಫೋನಿನಿಂದ ಫೋನಿಗೆ ಹರಿದ ಸಂದೇಶದಲ್ಲೊಂದು ಗಂಡಸಿನ ದನಿ ಹೇಳಿತು. ಅಷ್ಟಕ್ಕೇ ಇಡೀ ದ್ವೀಪ ಗಂಟುಮೂಟೆ ಕಟ್ಟಲು ಕೂತಿತು. ಸಮುದ್ರ ವರ್ಷವರ್ಷಕ್ಕೂ ಒಳಗೆ ಬರುತ್ತಿರುವಾಗ ಜನರನ್ನು ಬೈಯುವುದಾದರೂ ಹೇಗೆ? ಆದರೂ ತೆರಾಕಳಿಗೆ ಮೈಯೆಲ್ಲ ಉರಿಯಿತು.

ಅವಳ ದೊಡ್ಡಪ್ಪ ಬುರೆಂತಾವು ಬರೆದುಕೊಡಲು ಹೊರಟಿದ್ದ ನೆಲದಲ್ಲಿ ಅವರ ಬಬಾಯಿ ಎಂಬ ಕೆಸುವಿನ ಗೆಡ್ಡೆ ಬೆಳೆಯುವ ಗುಂಡಿಯೂ ಇತ್ತು. ಸಿಹಿನೀರು ಸಿಗುವ ತನಕ ಹವಳದ ನೆಲವನ್ನು ಅಜ್ಜಂದಿರು ಅಗೆದದ್ದು. ಅಮ್ಮ ಅದಕ್ಕೆ ಸೊಪ್ಪಿನ ಗೊಬ್ಬರ ಹಾಕಿ ಗೆಡ್ಡೆ ಬೆಳೆದಳು. ಅಮ್ಮ ಸತ್ತ ಮೇಲೆ ಕೆಸರಿಗಿಳಿದು ಬೆನ್ನು ಬಗ್ಗಿಸಿದವಳು ತೆರಾಕ. ದೊಡ್ಡಪ್ಪ ಅಲ್ಲಿ ಕಾಲಿಟ್ಟಿದ್ದನ್ನು ಕಂಡವರಿಲ್ಲ.

ತೆರಾಕ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು. ಯಾವ ಮಾತನ್ನೇ ಕೇಳಿದರೂ ಮೊದಲು ಹೇಳಿದವರು ಯಾರೆಂದು ಹುಡುಕಿ ಎಂದು ಮಕ್ಕಳ ತಲೆ ತಿನ್ನುತ್ತಿದ್ದಳು. ಈಗ ತಾನೇ ಮನೆಮನೆ ಸುತ್ತಿದಳು. ನಾಲ್ಕು ಕಡೆಯಿಂದ ಕೇಳಿದ್ದೇವೆ, ಸುಳ್ಳಾಗುತ್ತದೆಯೇ ಎಂದರು ಎಲ್ಲರೂ. ಬೆನ್ನುಹತ್ತಿ ಹೋದರೆ ನಾಲ್ಕೂ ಕಡೆಯ ದಾರಿ ಅಂಗಡಿಯ ತೆಬಾನೊನ ಫೋನಿಗೇ ಬಂದು ನಿಂತಿತು. ತೆಬಾನೊ ಕೆಟ್ಟವನಲ್ಲ, ಬಾಯಿಬಡುಕ ಅಷ್ಟೇ. ಪಾಪ, ಸುದ್ದಿ ನಿಜವೇ ಎಂದು ಭಾವಮೈದುನನನ್ನು ಬೇರೆ ಕೇಳಿದ್ದ, ಅವನೂ ಹೌದೆಂದಿದ್ದ. ಭಾವಮೈದುನನಿಗೆ ಅದನ್ನು ಕಳಿಸಿದವನು ತೆಬಾನೊನೇ. ತೆಬಾನೊನಿಗೆ ಕಳಿಸಿದ್ದು ಮಾತ್ರ ಯಾರದೋ ಗುರುತಿಲ್ಲದ ನಂಬರು.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದರೆ, ಹಿರಿಯರು ನೋಡಿಕೊಳ್ಳುತ್ತಾರೆ, ನೀನು ಸುಮ್ಮನಿರು ಎಂದ.

ಮರುದಿನ ಊರಿನ ಸಭಾಮನೆ ತುಂಬಿತು. ಆ ಸೂರಿನಡಿ ಒಂದೊಂದು ಮನೆತನಕ್ಕೂ ಒಂದೊಂದು ಜಾಗ. ಅಲ್ಲಿ ಕೂತ ಹಿರಿಯ ಮಾತಾಡಬೇಕು, ಹೆಂಗಸರು ಹಿಂದೆ ಕೂತು ಕೇಳಬೇಕು. ಜಾಗವೇ ಇಲ್ಲದವನು ಎಂಥ ದೊಡ್ಡ ಮನುಷ್ಯನಾದರೂ ಬಾಯಿ ತೆರೆಯುವಂತಿಲ್ಲ. ತೆಬಾನೊ ಫೋನನ್ನು ಚಾಪೆಯ ಮೇಲಿಟ್ಟು ಆ ದನಿ ಕೇಳಿಸಿದ. ಮುದುಕರು ತಲೆದೂಗಿದರು. ಮನೆತನದ ಒಪ್ಪಿಗೆ ಹೇಳಲು ಬುರೆಂತಾವು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತೆರಾಕ ಹಿಂದಿನಿಂದ ಮಂಡಿಯಲ್ಲೇ ಸರಿದು ಬಂದು ಅವನ ಪಕ್ಕ ಕೂತಳು.

"ಹಿಂದಕ್ಕೆ ಹೋಗು," ಎಂದ ಬುರೆಂತಾವು ಹಲ್ಲು ಕಚ್ಚಿ.

"ಹೋಗಲ್ಲ ದೊಡ್ಡಪ್ಪ. ಇದು ನಮ್ಮಪ್ಪನ ಜಾಗಾನೂ ಹೌದು. ಈಗ ಮಾತಾಡಿದ್ನಲ್ಲ, ಅವನ ಜಾಗ ಯಾವುದು?"

"ಯಾರದು?"

"ಫೋನಿನೊಳಗಿನವನದು. ಯಾರ ಮಗ, ಯಾವ ಮನೆತನ? ಇಲ್ಲೇ ಹುಟ್ಟಿದ ನನ್ನ ಬಾಯಿ ಮುಚ್ಚಿಸ್ತೀರಿ. ಹೆಸರೇ ಇಲ್ಲದವನನ್ನ ನಟ್ಟನಡುವೆ ಕೂರಿಸ್ಕೊಂಡು ತಲೆ ಆಡಿಸ್ತಿದೀರಿ."

ಸಭೆ ತೆಬಾನೊನತ್ತ ತಿರುಗಿತು. ಅವನು ತಡವರಿಸುತ್ತ ಭಾವಮೈದುನನ ಹೆಸರು ಹೇಳಿದ.

"ನಂಗೆ ಕಳಿಸಿದ್ದು ನೀನೇ ಅಲ್ವೇನೋ?" ಎಂದ ಅಲ್ಲೇ ಕೂತಿದ್ದ ಆ ಭಾವಮೈದುನ ಮಹಾಶಯ.

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಹೆಂಗಸರೆಲ್ಲ ನಕ್ಕರು. ಬುರೆಂತಾವುವಿಗೆ ಹುಡುಗಿ ಹೇಳಿದ್ದು ಸರಿ ಎನ್ನಲು ನಾಲಿಗೆ ಏಳಲಿಲ್ಲ. ಆ ದನಿಯವನು ಇಲ್ಲಿಗೇ ಬಂದು ಎದುರು ಕೂತು ಹೇಳಲಿ, ಅಲ್ಲಿಯವರೆಗೆ ನಮ್ಮ ಮನೆತನದ ನೆಲ ಕೊಡುವುದಿಲ್ಲ ಎಂದಷ್ಟೇ ಹೇಳಿದ. ಉಳಿದ ಮುದುಕರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಆಮೇಲೆ ಹಿರಿಯರ ಮರ್ಯಾದೆ ಉಳಿಯಬೇಕಲ್ಲ, ಕಟ್ಟಳೆ ಮೀರಿ ಬಾಯಿ ತೆರೆದ ತಪ್ಪಿಗೆ ತೆರಾಕ ಒಂದು ಹಂದಿ ದಂಡ ಕೊಡಬೇಕೆಂದು ತೀರ್ಮಾನವಾಯಿತು.

ತೆರಾಕ ಕೂತಲ್ಲಿಂದ ಅಲ್ಲಾಡಲಿಲ್ಲ.

"ಕೊಡ್ತೀನಿ ದೊಡ್ಡಪ್ಪ," ಎಂದಳು. "ಇನ್ನೂ ಎರಡು ಮರಿ ಸಾಕ್ತೀನಿ. ಮುಂದಿನ ಸಭೇಲೂ ಮಾತಾಡೋದಿದೆ."