ಅಂಗಾಲಿನ ವಿಳಾಸ

ಅತ್ತೆ ಹೊಲಿದ ಬೂಟನ್ನು ಮಗುಚಿ ನೋಡಿದರೆ ಅಂಗಾಲಿನ ನಡುವೆ, ನೆಲಕ್ಕೆ ತಾಗದ ತಗ್ಗಿನಲ್ಲಿ, ಅಂಗಡಿಯ ವಿಳಾಸ ಕಾಣುತ್ತಿತ್ತು. ಕಟ್ಟಡದ ಸಂಖ್ಯೆ, ಬೀದಿಯ ಹೆಸರು, ಅಷ್ಟೇ. ಚರ್ಮದ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಏಟು. ಎರಡನೆಯ ಏಟು ಬಿದ್ದರೆ ಅಕ್ಷರಗಳು ಜೋಡಿಯಾಗಿ ಕಾಣುತ್ತವೆಂದು, ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಎರಡನೆಯ ಏಟು ಹಾಕಿದ್ದೇ ಇಲ್ಲ.

ವಿಳಾಸ ಅಲ್ಲಿದ್ದದ್ದು ಶೋಕಿಗಲ್ಲ. ಅಂಗಡಿಯ ಹೆಸರು ‘ಎರಡಳತೆ’. ಎಡಗಾಲು ಆರು, ಬಲಗಾಲು ನಾಲ್ಕು ಇದ್ದವರು, ಒಂದು ಕಾಲು ಒಂದಂಗುಲ ಗಿಡ್ಡವಾದವರು, ಬೆರಳು ಕಳೆದುಕೊಂಡವರು ಹುಡುಕಿಕೊಂಡು ಬರುವ ಅಂಗಡಿ ಅದು. ಅಂಥವರಿಗೆ ಬೂಟೆಂದರೆ ನಡಿಗೆಯೇ. ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಆರುನೂರು ಮರದ ಪಾದಗಳಿದ್ದವು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಗಿರಾಕಿ ಐದಾರು ವರ್ಷ ಬಿಟ್ಟು, ಅಟ್ಟೆ ಸವೆದ ದಿನ, ಬೂಟು ಮಗುಚಿ ವಿಳಾಸ ಓದಿಕೊಂಡು ಬರುತ್ತಿದ್ದ. ಅತ್ತೆ ಮುಖ ನೋಡುವ ಮೊದಲು ಕಾಲು ನೋಡಿ, ಏಣಿ ಹತ್ತಿ, ಅವನ ಪಾದವನ್ನು ಕೆಳಗಿಳಿಸುತ್ತಿದ್ದರು.

ಈಗ ಆ ಕಟ್ಟಡವನ್ನೇ ಕೆಡವುವವರಿದ್ದರು. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕು. ಎರಡು ಬೀದಿ ಆಚೆ ಒಂದು ಕೋಣೆ ಸಿಕ್ಕಿತ್ತು, ಅದೂ ಎರಡೇ ವರ್ಷಕ್ಕೆ. ಆಮೇಲೆ ಎಲ್ಲಿಗೋ, ಯಾರಿಗೆ ಗೊತ್ತು.

“ಹಳೆ ಗಿರಾಕಿಗಳ ಕಾಲಡಿ ಇರೋದೆಲ್ಲ ಇನ್ಮೇಲೆ ಸುಳ್ಳು ವಿಳಾಸ,” ಅಂದಿದ್ದರು ಅತ್ತೆ. “ಅವರಿಗೆ ಕಾಗದ ಬರೀತೀನಿ. ಆದ್ರೆ ಇನ್ಮುಂದೆ ಹೊಲಿಯೋ ಬೂಟಿಗೆ ಕದಲದ ವಿಳಾಸ ಬೇಕು. ಅಂಥದ್ದು ಎಲ್ಲಾದ್ರೂ ಸಿಗುತ್ತೇನೇ, ಖಾತ್ರಿ?”

ಖಾತ್ರಿ ಅವರ ತಮ್ಮನ ಮಗಳು. ಪುಸ್ತಕ ಭಂಡಾರದಲ್ಲಿ ಹೊಸ ಪುಸ್ತಕಗಳಿಗೆ ಸಂಖ್ಯೆ ಹಚ್ಚುವ ಕೆಲಸ ಅವಳದು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವಳು, ಯಾರು ಏನು ಹೇಳಿದರೂ “ಖಾತ್ರಿನಾ?” ಎಂದು ಕೇಳುವವಳು. ಏಳನೆಯ ವಯಸ್ಸಿನಲ್ಲಿ ಅಂಟಿಕೊಂಡ ಹೆಸರು ಮೂವತ್ತೊಂದಾದರೂ ಬಿಟ್ಟಿರಲಿಲ್ಲ. ಅಂಗಡಿಗೊಂದು ವೆಬ್‌ಸೈಟ್ ಮಾಡೋಣ ಎಂದವಳು ಅವಳೇ. ಪುಟಗಳನ್ನೂ ಅವಳೇ ಮಾಡಿದ್ದಳು: ಮನೆಯಲ್ಲೇ ಕಾಲಿನ ಅಳತೆ ತೆಗೆಯುವುದು ಹೇಗೆ, ಅಂಗಡಿ ಸದ್ಯ ಎಲ್ಲಿದೆ, ಪತ್ರ ಬರೆಯುವುದು ಎಲ್ಲಿಗೆ. ಉಳಿದದ್ದು ಎರಡೇ. ವೆಬ್‌ಸೈಟಿನ ವಿಳಾಸವಾಗುವ ಹೆಸರು ಕೊಳ್ಳಬೇಕು, ಪುಟಗಳನ್ನು ಇಡಲು ಜಾಗ ಹಿಡಿಯಬೇಕು. ಶನಿವಾರ ಅಚ್ಚು ಕೊರೆಯುವವರು ಬರುತ್ತಾರೆ. ಅಷ್ಟರೊಳಗೆ ಆಗಬೇಕು. ಚರ್ಮಕ್ಕೆ ಏಟು ಬಿದ್ದ ಮೇಲೆ ಆ ವಿಳಾಸ ಬೂಟು ಬಾಳುವಷ್ಟು ದಿನವೂ ಬಾಳಲೇಬೇಕು.

ಸೋಮವಾರ ಮಧ್ಯಾಹ್ನ ದೊಡ್ಡಪ್ಪನ ಮಗ ಬಂದ. ವೆಬ್‌ಸೈಟ್ ಕಂಪನಿಯೊಂದರಲ್ಲಿ ಮಾರಾಟದ ಕೆಲಸ. ಮನೆಮಂದಿಗೆಲ್ಲ ಅವನು ಪ್ಯಾಕೇಜಣ್ಣ. ಅತ್ತೆಯ ಮುಂದಿನ ಮುಕ್ಕಾಲಿ ಎಳೆದುಕೊಂಡು ಕೂತ.

“ಅತ್ತೆ, ಎಲ್ಲಾ ಒಂದೇ ಕಡೆ. ಹೆಸರು, ಹೋಸ್ಟಿಂಗ್, ಮೇಲ್. ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ. ಜಾಗ ಅನ್‌ಲಿಮಿಟೆಡ್.”

“ಹಂಗಂದ್ರೆ?”

“ಅಳತೆನೇ ಇಲ್ಲ.”

ಅತ್ತೆ ದಾರಕ್ಕೆ ಮೇಣ ಸವರುತ್ತಿದ್ದವರು ತಲೆ ಎತ್ತಿದರು. “ಅಳತೆ ಇಲ್ಲದ್ದು ಅಂದ್ರೆ ನನಗೆ ಭಯ ಕಣೋ. ಕೈ ನೋಡು, ಎಲ್ಲರ ಕಾಲು ಅಳೆದೂ ಅಳೆದೂ ಡೊಂಕಾಗಿದೆ.”

“ಹೆಸರು ಯಾರ ಹೆಸರಲ್ಲಿ ಇರುತ್ತೆ, ಅಣ್ಣಾ?” ಖಾತ್ರಿ ಕೇಳಿದಳು.

“ನಮ್ಮ ಕಂಪನಿ ಹೆಸರಲ್ಲಿ. ನಾನೇ ನೋಡ್ಕೋತೀನಲ್ಲ. ಮನೆಯವರೇ ಅಲ್ವಾ?”

“ನೀನು ಕಂಪನಿ ಬಿಟ್ರೆ?”

“ನಾನ್ಯಾಕೆ ಬಿಡ್ಲಿ?”

“ಎರಡು ವರ್ಷದಲ್ಲಿ ಮೂರು ಬಿಟ್ಟಿದ್ದೀಯಲ್ಲ.”

ಅತ್ತೆ ನಕ್ಕ ನಗೆಗೆ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳು ಉದುರಿದವು. ಪ್ಯಾಕೇಜಣ್ಣನೂ ನಗುತ್ತಲೇ ಬಗ್ಗಿ ಒಂದೊಂದಾಗಿ ಹೆಕ್ಕಿಕೊಟ್ಟ. ಕೋಪ ಅವನ ಜಾಯಮಾನದಲ್ಲೇ ಇರಲಿಲ್ಲ.

ಖಾತ್ರಿ ತನ್ನ ನೋಟ್‌ಬುಕ್ ತೆಗೆದಳು. ಐದು ಕಂಪನಿಗಳಿಗೆ ಅವಳು ಒಂದೇ ಪತ್ರ ಬರೆದಿದ್ದಳು. ನಿಮ್ಮ ಯಂತ್ರ ಕೆಟ್ಟರೆ ನನ್ನ ಪುಟಗಳ ಪ್ರತಿ ಬೇರೆಲ್ಲಿರುತ್ತದೆ? ತೊಂದರೆಯಾದಾಗ ಮನುಷ್ಯರು ಮಾತಾಡುತ್ತಾರೆಯೇ? ನಿಮ್ಮನ್ನು ಬಿಟ್ಟು ಹೋಗಬೇಕಾದರೆ ಏನು ಮಾಡಬೇಕು? ಮೂವರು ಬೆಲೆಪಟ್ಟಿ ಕಳಿಸಿದ್ದರು. ಒಬ್ಬರು ಉತ್ತರಿಸಿರಲಿಲ್ಲ. ಐದನೆಯದಾದ ಸಣ್ಣ ಕಂಪನಿಯೊಂದರಿಂದ ಹೆಂಗಸೊಬ್ಬಳು ಉತ್ತರ ಬರೆದಿದ್ದಳು. ಮೊದಲೆರಡು ಪ್ರಶ್ನೆಗೆ ಎರಡೆರಡು ಸಾಲು, ಮೂರನೆಯದಕ್ಕೆ ಹನ್ನೊಂದು ಸಾಲು. ಬಿಟ್ಟು ಹೋಗುವಾಗ ಏನೇನು ಎತ್ತಿಕೊಳ್ಳಬೇಕು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲವೂ ಇತ್ತು. ಕೊನೆಗೊಂದು ಮಾತು: ಹೆಸರನ್ನು ನಮ್ಮಲ್ಲೇ ಕೊಳ್ಳಬೇಕೆಂದಿಲ್ಲ, ಬೇರೆ ಕಡೆ ನಿಮ್ಮದೇ ಹೆಸರಿನಲ್ಲಿ ಕೊಂಡಿಟ್ಟುಕೊಳ್ಳುವುದು ನಿಮಗೇ ಕ್ಷೇಮ.

“ನೋಡಿ ಅತ್ತೆ, ಮದುವೆಗೆ ಮುಂಚೆನೇ ವಿಚ್ಛೇದನದ ಕಾಗದ ಕೇಳ್ತಾಳೆ ಇವಳು!” ಅಂದ ಪ್ಯಾಕೇಜಣ್ಣ.

ಅತ್ತೆ ನಗಲಿಲ್ಲ. “ಆ ಹನ್ನೊಂದು ಸಾಲು ಓದೇ,” ಅಂದರು. ಖಾತ್ರಿ ಓದಿದಳು. ಅತ್ತೆಯ ಕೈಯ ದಾರ ನಿಂತಲ್ಲೇ ನಿಂತಿತ್ತು. “ಇರು, ಇರು. ಹೆಸರು ಬೇರೆ, ಪುಟ ಇಡೋ ಕೋಣೆ ಬೇರೆ ಅಂತೀಯಾ? ಕೋಣೆ ಬದಲಾದ್ರೂ ವಿಳಾಸ ಬದಲಾಗಲ್ವಾ?”

“ಇಲ್ಲ ಅತ್ತೆ. ಹೆಸರಿನ ಜೊತೆ ಒಂದು ಪಟ್ಟಿ ಇರುತ್ತೆ. ಈ ಹೆಸರು ಕೇಳ್ಕೊಂಡು ಬಂದೋರನ್ನ ಇಂಥ ಕೋಣೆಗೆ ಕಳಿಸು ಅಂತ ಬರೆದಿರುತ್ತೆ. ಕೋಣೆ ಬದಲಾದಾಗ ಆ ಸಾಲು ತಿದ್ದಿದ್ರಾಯ್ತು.”

ಅತ್ತೆ ಸುತ್ತಲೂ ನೋಡಿದರು. ಆರುನೂರು ಮರದ ಪಾದಗಳು, ಬಾಗಿಲ ಬಳಿ ಆಗಲೇ ಕಟ್ಟಿಟ್ಟ ಹತ್ತು ಗೋಣಿಚೀಲಗಳು. “ಎಂಥ ತಲೆನೋ ಇದನ್ನ ಯೋಚಿಸಿದೋರದ್ದು,” ಅಂದರು ಮೆಲ್ಲಗೆ. “ನನ್ನ ಬೀದಿಗೂ ಹಿಂಗೊಂದು ಪಟ್ಟಿ ಇದ್ದಿದ್ರೆ.”

ಅವರ ಮೆಚ್ಚುಗೆ ಹೆಚ್ಚು ಹೊತ್ತು ಸುಮ್ಮನೆ ಕೂರುವಂಥದ್ದಲ್ಲ. ಅಂಗಡಿಯ ಹಿಂದೆ ನೀರಿನ ತೊಟ್ಟಿಯೊಂದಿತ್ತು. ಹೊಸ ಅಳತೆಯ ಬೂಟು ಹೊಲಿಯುವ ಮೊದಲು, ಅಗ್ಗದ ಚರ್ಮದಲ್ಲಿ ಒಂದನ್ನು ಹೊಲಿದು, ಆ ತೊಟ್ಟಿಯಲ್ಲಿ ನೆನೆಸಿ, ನೂರು ಸಲ ಬಗ್ಗಿಸಿ, ಎಲ್ಲಿ ಬಾಯಿ ಬಿಡುತ್ತದೆ ಎಂದು ನೋಡುತ್ತಿದ್ದರು. ಈಗಲೂ ಅದೇ ದನಿಯಲ್ಲಿ ಹೇಳಿದರು:

“ಹಂಗಾದ್ರೆ ಬಗ್ಗಿಸಿ ನೋಡೋಣ. ಹೆಸರನ್ನ ಬೇರೆ ಕಡೆ ಕೊಂಡ್ಕೋ. ಪುಟಗಳನ್ನ ಮೊದಲು ಇವನ ಕೋಣೆಯಲ್ಲಿಡು. ಆಮೇಲೆ ಅಲ್ಲಿಂದ ಎಬ್ಬಿಸಿ ಆ ಹನ್ನೊಂದು ಸಾಲಿನೋಳ ಕೋಣೆಗೆ ಹೊತ್ಕೊಂಡು ಹೋಗು. ವಿಳಾಸ ಅಲುಗದೆ ನಿಂತ್ರೆ ಶನಿವಾರ ಅಚ್ಚು ಕೊರೆಸೋದು.”

“ಅಲ್ಲ ಅತ್ತೆ, ನನ್ನ ಬಿಟ್ಟು ಹೋಗೋಕೆ ನಾನೇ ಕೋಣೆ ಕೊಡಬೇಕಾ?”

“ಮನೆಯವರೇ ಅಲ್ವಾ?”

ಪ್ಯಾಕೇಜಣ್ಣ ಕೈಮುಗಿದ. ಒಂದು ವಾರದ ಮಟ್ಟಿಗೆ ಪುಕ್ಕಟೆಯಾಗಿ ಕೋಣೆ ಕೊಟ್ಟ.

ಹೆಸರು ಯಾವುದಿರಬೇಕೆಂದು ತೀರ್ಮಾನಿಸಿದ್ದು ಅಚ್ಚಿನವರು, ಅದೂ ಫೋನಿನಲ್ಲೇ. ಬರಿಯ ‘ಎರಡಳತೆ’ ಎಂದೋ, ನಡುವೆ ಅಡ್ಡಗೆರೆ ಹಾಕಿ ‘ಬೂಟು’ ಎಂದೂ ಸೇರಿಸಬೇಕೋ ಎಂದು ಖಾತ್ರಿ ಕೇಳಿದಳು. ಅವರು ಮಿತಭಾಷಿ. “ಅಡ್ಡಗೆರೆ ಬೇಡಮ್ಮ. ಚರ್ಮದ ಮೇಲೆ ಮೊದಲು ಸವೆಯೋದು ಅದೇ. ಅದು ಅಳಿಸಿಹೋದ ದಿನ ನಿಮ್ಮ ವಿಳಾಸ ಇನ್ನೊಬ್ಬರದ್ದಾಗುತ್ತೆ.” ಫೋನ್ ಇಟ್ಟ ಮೇಲೆ ಖಾತ್ರಿ ಆ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಅವಳು ಓದಿದ ಯಾವ ಸಲಹೆಯಲ್ಲೂ ಅದು ಇರಲಿಲ್ಲ. ಬರಿಯ ‘ಎರಡಳತೆ’ ಅದೃಷ್ಟಕ್ಕೆ ಯಾರ ಕೈಗೂ ಹೋಗಿರಲಿಲ್ಲ. ಅಂದೇ ಒಂದು ವರ್ಷಕ್ಕೆ ಕೊಂಡಳು. ಯಜಮಾನರ ಹೆಸರು ಕೇಳಿದ ಕಡೆ ಅತ್ತೆಯ ಹೆಸರು ತುಂಬಿದಳು.

ಬುಧವಾರ ಪುಟಗಳೂ ಮೇಲ್ ಬಂದು ಬೀಳುವ ಪತ್ರಪೆಟ್ಟಿಗೆಯೂ ಪ್ಯಾಕೇಜಣ್ಣನ ಕೋಣೆಯಲ್ಲಿ ಕಾಣಿಸಿಕೊಂಡವು. ಗುರುವಾರ ಬೆಳಿಗ್ಗೆ ಖಾತ್ರಿ ರಜೆ ಹಾಕಿ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಹನ್ನೊಂದು ಸಾಲನ್ನು ಪಕ್ಕದಲ್ಲಿಟ್ಟುಕೊಂಡು ಪುಟಗಳನ್ನೂ ಚಿತ್ರಗಳನ್ನೂ ಹೊಸ ಕೋಣೆಗೆ ಇಳಿಸಿದಳು, ಪತ್ರಪೆಟ್ಟಿಗೆಯನ್ನೂ ಅಲ್ಲೇ ತೆರೆದಳು, ಪಟ್ಟಿಯ ಸಾಲು ತಿದ್ದಿದಳು. ತಿದ್ದಿದ ಸುದ್ದಿ ಎಲ್ಲ ಕಡೆ ಹರಡಲು ಒಂದು ದಿನವೂ ಹಿಡಿಯಬಹುದೆಂದು ಆ ಹೆಂಗಸು ಬರೆದಿದ್ದಳು. ಖಾತ್ರಿಯ ಉಗುರುಗಳು ಅಷ್ಟು ಹೊತ್ತು ತಾಳುವಂತಿರಲಿಲ್ಲ.

“ಕಾಯೋಕೆ ಬರದಿದ್ರೆ ಮೇಣ ಸವರು ಬಾ,” ಎಂದು ಅತ್ತೆ ದಾರದ ಉಂಡೆಯನ್ನು ಅವಳ ಮಡಿಲಿಗೆ ಹಾಕಿದರು.

ಸಂಜೆಗೆ ಮುಂಚೆಯೇ ಪುಟಗಳು ಹೊಸ ಕೋಣೆಯಿಂದ ಬರತೊಡಗಿದವು. ವಿಳಾಸ ಅದೇ. ಒಂದು ಚಿತ್ರವೂ ಕಾಣೆಯಾಗಿರಲಿಲ್ಲ. ಅತ್ತೆ ಎದ್ದು ಬಂದು, ಕನ್ನಡಕ ಮೇಲೇರಿಸಿ, ಅಲುಗದ ಆ ಪುಟವನ್ನು ಬಹಳ ಹೊತ್ತು ನೋಡಿದರು. “ಬಾಯಿ ಬಿಡಲಿಲ್ಲ,” ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಪ್ಯಾಕೇಜಣ್ಣನಿಗೂ ಫೋನ್ ಹೋಯಿತು. ಸೋಮವಾರ ತನ್ನ ಕೋಣೆ ಮುಚ್ಚಿಬಿಡುತ್ತೇನೆಂದ.

ಎಲ್ಲರಿಗೂ ಕೆಲಸ ಮುಗಿದಿತ್ತು. ಖಾತ್ರಿಗೆ ಮುಗಿದಿರಲಿಲ್ಲ. ಶುಕ್ರವಾರವಿಡೀ ಅವಳಿಗೆ ಬೀಗ ಹಾಕಿ ಜಗ್ಗದೆ ಬಂದ ಹಾಗೆ ಅನಿಸುತ್ತಿತ್ತು. ಎಲ್ಲ ನೋಡಿದ್ದೇನೆ, ಆದರೆ ನೋಡಿದ್ದೆಲ್ಲ ಅಂಗಡಿಯ ಒಳಗೆ ಕೂತು. ಕೆಲಸ ಮುಗಿಸಿ ನೇರ ಎದುರು ಬೀದಿಯ ಗಡಿಯಾರದ ಅಂಗಡಿಯವರ ಬಳಿ ಹೋಗಿ ಅವರ ಫೋನ್ ಕೇಳಿದಳು. ಅಪರಿಚಿತ ಗಿರಾಕಿಯ ಹಾಗೆ ವಿಳಾಸ ಹಾಕಿ ಪುಟ ತೆರೆದು, ಅಲ್ಲಿದ್ದ ಮೇಲ್ ವಿಳಾಸಕ್ಕೆ ಬರೆದಳು: ಎಡಗಾಲು ಆರು, ಬಲಗಾಲು ನಾಲ್ಕು. ನನಗೊಂದು ಜೊತೆ ಬೂಟು ಬೇಕು.

ಅಂಗಡಿಗೆ ಬಂದು ಪತ್ರಪೆಟ್ಟಿಗೆ ತೆರೆದರೆ ಖಾಲಿ. ಅರ್ಧ ಗಂಟೆ ಬಿಟ್ಟು ನೋಡಿದರೂ ಖಾಲಿ.

“ಅಣ್ಣಾ, ನಿನ್ನ ಕೋಣೆಯಲ್ಲಿರೋ ನಮ್ಮ ಹಳೆ ಪೆಟ್ಟಿಗೆ ಒಮ್ಮೆ ನೋಡ್ತೀಯಾ?” ಎಂದು ಪ್ಯಾಕೇಜಣ್ಣನಿಗೆ ಫೋನ್ ಮಾಡಿ ಕೇಳಿದಳು.

“ಅಲ್ಲೇನಿರುತ್ತೆ, ನೀನು ನಿನ್ನೆನೇ ಬಿಟ್ಟು ಹೋದೆಯಲ್ಲ,” ಎಂದು ಗೊಣಗುತ್ತಲೇ ತೆರೆದ. “ಅರೆ! ಎಡಗಾಲು ಆರು, ಬಲಗಾಲು ನಾಲ್ಕು. ಯಾರೇ ಇದು?”

ಖಾತ್ರಿ ಹೆಸರಿನ ಪಟ್ಟಿ ತೆರೆದು ನೋಡಿದಳು. ಪುಟ ನೋಡಲು ಬರುವವರಿಗೆ ದಾರಿ ತೋರುವ ಸಾಲನ್ನು ತಿದ್ದಿದ್ದಳು. ಪತ್ರಗಳಿಗೆ ದಾರಿ ತೋರುವುದು ಬೇರೆಯೇ ಸಾಲು, ಅದನ್ನು ಮುಟ್ಟಿರಲಿಲ್ಲ. ಆ ಹೆಂಗಸು ಬರೆದೇ ಇದ್ದಳು, ಒಂಬತ್ತನೆಯ ಸಾಲಿನಲ್ಲಿ. ಪೆಟ್ಟಿಗೆ ತೆರೆದಿದ್ದೇನಲ್ಲ, ಅಷ್ಟೇ ಇರಬೇಕು ಎಂದುಕೊಂಡಿದ್ದಳು. ಸೋಮವಾರ ಆ ಕೋಣೆ ಮುಚ್ಚಿದ ಮೇಲೆ, ಅಂಗಾಲು ಓದಿ ಪತ್ರ ಬರೆದವರು ಉತ್ತರಕ್ಕೆ ಕಾದು ಕಾದು, ಮುದುಕಿ ಅಂಗಡಿ ಮುಚ್ಚಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ಪುಟ ಮಾತ್ರ ನಗುನಗುತ್ತಾ ನಿಂತಿರುತ್ತಿತ್ತು. ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

“ತಪ್ಪು ನಂದೇ ಅತ್ತೆ,” ಅಂದಳು.

“ಹೊಲಿದೋಳು ನೀನು, ತಪ್ಪು ಇನ್ಯಾರದ್ದಾಗುತ್ತೆ?” ಅಂದರು ಅತ್ತೆ. “ಬಾಯಿ ಬಿಟ್ಟ ಜಾಗ ಸಿಕ್ತಲ್ಲ. ಹೊಲಿ ಈಗ.”

ಆಗಲೇ ಆ ಸಾಲು ತಿದ್ದಿದಳು. ಶನಿವಾರ ಬೆಳಿಗ್ಗೆ ಗಡಿಯಾರದವರು ಖುದ್ದು ಕೂತು, ತಮ್ಮದೇ ಖುಷಿಗೆ ಇನ್ನೊಂದು ಪತ್ರ ಬರೆದರು: ನನ್ನ ಎರಡೂ ಕಾಲು ಎಂಟು, ಆದರೂ ಒಂದು ಜೊತೆ ಬೇಕು. ಅದು ಟಣ್ಣೆಂದು ಸರಿಯಾದ ಪೆಟ್ಟಿಗೆಗೇ ಬಂದು ಬಿತ್ತು. ಖಾತ್ರಿ ಅಲ್ಲಿಗೂ ಬಿಡದೆ ಅವರಿಂದ ಮತ್ತೆರಡು ಬರೆಸಿದಳು.

ಅತ್ತೆ ಇದನ್ನೆಲ್ಲ ಕೂತಲ್ಲಿಂದಲೇ ನೋಡುತ್ತಿದ್ದರು. ಒಳ್ಳೆಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಅವರ ಕಣ್ಣು ಸಣ್ಣದಾಗುತ್ತಿತ್ತು. ಈಗಲೂ ಹಾಗೇ ಆಗಿತ್ತು.

“ಹೆಸರನ್ನ ಒಂದು ವರ್ಷಕ್ಕೆ ಕೊಂಡಿದ್ದೀಯಲ್ಲ, ಎಷ್ಟು ವರ್ಷದವರೆಗೆ ಕೊಡ್ತಾರೆ?”

“ಹೆಚ್ಚಂದ್ರೆ ಹತ್ತು ವರ್ಷ ಅತ್ತೆ. ಆಮೇಲೆ ಮತ್ತೆ ದುಡ್ಡು ಕಟ್ಟಬೇಕು.”

“ಬೂಟೂ ಹತ್ತು ವರ್ಷ ಬಾಳುತ್ತೆ. ಸರಿಹೋಯ್ತು. ಹತ್ತಕ್ಕೆ ಮಾಡು. ನನ್ನ ಹೆಸರು ತೆಗೆದು ನಿನ್ನ ಹೆಸರು ಹಾಕು.”

“ಅಂಗಡಿ ನಿಮ್ಮದು ಅತ್ತೆ!”

“ಹತ್ತು ವರ್ಷಕ್ಕೆ ನನಗೆ ಎಂಬತ್ತು ದಾಟಿರುತ್ತೆ. ಮತ್ತೆ ಕಟ್ಟೋ ದಿನ ನೆನಪಿಟ್ಕೊಳ್ಳೋರು ಬೇಕು. ನಿನ್ನ ಬಾಯಿಗೆ ಹೆದರಿ ಮನೆಯವರೆಲ್ಲ ಬೀಗ ಹಾಕೋದು ಕಲಿತ್ರು. ಮರೆಯೋದು ಅನ್ನೋದು ನಿನಗೆ ಬರೋದೇ ಇಲ್ಲ. ನಾವೆಲ್ಲ ಅದನ್ನ ಪುಕ್ಕಲು ಅಂತಿದ್ವಿ.” ಅತ್ತೆ ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟರು. “ಅದು ಕಸುಬು ಕಣೇ.”

ಖಾತ್ರಿ ಹತ್ತು ವರ್ಷಕ್ಕೆ ದುಡ್ಡು ಕಟ್ಟಿದಳು. ಯಜಮಾನರ ಜಾಗದಲ್ಲಿ ತನ್ನ ಹೆಸರು ತುಂಬಿದಳು. ಅಕ್ಷರ ಸರಿಯಿದೆಯೇ ಎಂದು ನಾಲ್ಕು ಸಲ ನೋಡಿದಳು.

ಅಚ್ಚಿನವರು ಸಲಕರಣೆ ಹೊತ್ತು ಬಂದು, ಕಿಟಕಿಯ ಬೆಳಕಿನಲ್ಲಿ ಕೂತು ಕೊರೆದರು. ಎಡಬಲ ತಿರುಗಿದ ಆ ಅಕ್ಷರಗಳನ್ನು ಖಾತ್ರಿ ಪುಟ್ಟ ಕನ್ನಡಿ ಹಿಡಿದು ಒಂದೊಂದಾಗಿ ಓದಿದಳು. ಮೂರು ಗಂಟೆಗೆ ಅಚ್ಚು ತಯಾರಾಯಿತು. ಅತ್ತೆ ಹೊಸ ಬೂಟೊಂದನ್ನು ಮಗುಚಿ ಮರದ ಪಾದಕ್ಕೆ ಏರಿಸಿ, ತಗ್ಗಿನಲ್ಲಿ ಅಚ್ಚಿಟ್ಟು, ಸುತ್ತಿಗೆಯನ್ನು ಅವಳ ಕಡೆ ಚಾಚಿದರು.

ಖಾತ್ರಿ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು. ಬಾಯಿಗೆ ತಾನಾಗಿ ಬಂತು: “ಅತ್ತೆ, ಖಾತ್ರಿನಾ?”

“ಅದನ್ನ ನಾನು ನಿನ್ನ ಕೇಳಬೇಕು,” ಅಂದರು ಅತ್ತೆ. “ಖಾತ್ರಿನಾ?”

ಪಟ್ಟಿಯ ಎರಡು ಸಾಲು, ಹನ್ನೊಂದು ಸಾಲಿನ ಕಾಗದ, ಬಂದು ಬಿದ್ದ ಮೂರು ಪತ್ರಗಳು, ಹತ್ತು ವರ್ಷದಾಚೆಯ ಆ ತಾರೀಕು. ಅವಳು ಎಲ್ಲವನ್ನೂ ಮನಸ್ಸಿನಲ್ಲೇ ಇನ್ನೊಮ್ಮೆ ಜಗ್ಗಿ ನೋಡಿದಳು. ಯಾವುದೂ ಸಡಿಲಿರಲಿಲ್ಲ.

“ಹೂಂ,” ಅಂದಳು. ಸುತ್ತಿಗೆ ಎತ್ತಿ, ಒಂದೇ ಏಟು ಹಾಕಿದಳು.