ಸೇತುವೆಯ ಮೇಲೆ ಗೆಜ್ಜೆ

ಆಳಂದದಲ್ಲಿ ಕುದುರೆ ಏರಿಸುವಾಗ ಶರಫುದ್ದೀನ ಚಾಚಾ ನೂರು ಮಾತು ಹೇಳಿದ. ಪಿಕಪ್ಪಿನ ತಳಕ್ಕೆ ಉಸುಕು ಹಾಕು, ಮ್ಯಾಲ ಜೋಳದ ಕಣಕಿ ಹರವು. ಎತ್ತಿಗೆ ಬಿಗಿದಂಗ ಹಗ್ಗ ಬಿಗೀಬ್ಯಾಡ, ಕುತ್ತಿಗಿ ಆಡಿಸ್ಲಿ, ಕುದರಿ ಕುತ್ತಿಗಿಯಿಂದನ ಬೀಳದಂಗ ತೋಲ ಹಿಡೀತದ. ಕಡೀಕೆ ನನ್ನ ಹೆಗಲು ಹಿಡಿದು, "ಗೆಜ್ಜಿ ಜೇವರ್ಗಿ ಮುಟ್ಟಿದ ಮ್ಯಾಲ ಕಟ್ಟು, ಗುರುಶಾಂತ. ಗಾಡ್ಯಾಗ ಬ್ಯಾಡ," ಅಂದ.

"ಗೊತ್ತದ ಚಾಚಾ," ಅಂದೆ. ನಾಲ್ಕು ವರ್ಷ ಗುಲಾಬಿಯ ಲದ್ದಿ ಬಳಿದವನಿಗೆ ಅಷ್ಟು ಗೊತ್ತಿರುವುದಿಲ್ಲವೇ?

ಗುಲಾಬಿ ಚಾಚಾನ ಬಿಳಿ ಕುದುರೆ, ಮದುವೆ ಮೆರವಣಿಗೆಗೆ ಕೊಡುವಂಥದು. ಕಾಲಿಗೆ ಗೆಜ್ಜೆ ಇದ್ದು ಹಾಡು ಕೇಳಿಸಿದರೆ ಮುಂಗಾಲೆತ್ತಿ ಕುಣಿಯುತ್ತಾಳೆ. ಬರೀ ಗೆಜ್ಜೆಗೆ ಕುಣಿಯಳು, ಬರೀ ಹಾಡಿಗೂ ಇಲ್ಲ. ಎರಡೂ ಕೂಡಬೇಕು. ಚಾಚಾ ಹಂಗೆ ಕಲಿಸಿದ್ದಾನೆ.

ಅಫಜಲಪುರದಲ್ಲಿ ನಿಲ್ಲಿಸಿ ಆಕೆಗೆ ನೀರು ಕುಡಿಸುತ್ತಿದ್ದೆ. ಮದುಮಗನ ಕಾಕಾ ವಿಶ್ವಾರಾಧ್ಯನ ಫೋನು ಬಂತು.

"ಎಲ್ಲಿದ್ದೀರಿ? ಹುಡುಗ ಬಿಸಲಾಗ ನಿಂತಾನ. ಕುದರಿ ಸಿಂಗಾರ ಮಾಡಿಕೊಂಡೇ ಇಳೀಬೇಕು. ಇಲ್ಲಿ ಬಂದು ಕಟಗೋತ ಕುಂದ್ರಬ್ಯಾಡ್ರಿ. ನಿಮ್ಮಂಥವ್ರಿಗೆ ಎಷ್ಟ್ ಸರ್ತಿ ಹೇಳಬೇಕು?"

ನಿಮ್ಮಂಥವರು. ಆ ಮಾತು ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಸಿಟ್ಟಿಗೆದ್ದು ಗೆಜ್ಜೆ ತೆಗೆದು ಎರಡೂ ಮುಂಗಾಲಿಗೆ ಬಿಗಿದೆ. ಗಂಟಿನ ಮೇಲೆ ಗಂಟು.

"ಏನಲೇ, ಇಲ್ಲೇ ಮದುವಿ ವರಾತ ಚಾಲೂ ಮಾಡ್ತೀ?" ಅಂದ ಡ್ರೈವರ್ ಸೂರ್ಯಕಾಂತ.

"ನೀ ಸುಮ್ಮ ಗಾಡಿ ಹೊಡಿ," ಅಂದು ಹಿಂದೆ ಹತ್ತಿದೆ. ಹಾಡು ಹಚ್ಚಬ್ಯಾಡ ಅಂತ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಭೀಮಾ ನದಿಯ ಸೇತುವೆ ಏರಿದಾಗ ಕ್ಯಾಬಿನ್ನಿನಿಂದ ಹಾಡು ಶುರುವಾಯಿತು.

ಗುಲಾಬಿಯ ಕಿವಿ ನೆಟ್ಟಗಾದವು. ಒಂದು ಕಾಲು ಎದ್ದಿತು. ಛಲ್. ಇನ್ನೊಂದು ಎದ್ದಿತು. ಛಲ್. ಗಾಡಿ ಎಡಕ್ಕೆ ವಾಲಿತು. ಸೇತುವೆಯ ಕಟ್ಟೆ ನನ್ನ ಮೊಣಕಾಲಿನಷ್ಟೂ ಎತ್ತರವಿಲ್ಲ, ಅದರಾಚೆ ಕೆಳಗೆ ಕಪ್ಪು ನೀರು.

ಕ್ಯಾಬಿನ್ನಿಗೆ ಗುದ್ದಿದೆ. ಸೂರ್ಯಕಾಂತ ಕನ್ನಡಿಯಲ್ಲಿ ನೋಡಿದ. ನಾನೂ ತಾಳ ಹಾಕುತ್ತಿದ್ದೇನೆ ಅಂದುಕೊಂಡನೋ ಏನೋ, ನಕ್ಕು, ಕೈಯೆತ್ತಿ, ಹಾಡು ಇನ್ನಷ್ಟು ಜೋರು ಮಾಡಿದ. ಗಾಡಿ ಬಲಕ್ಕೆ ಹೊರಳಿತು, ಮತ್ತೆ ಎಡಕ್ಕೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು.

ಕೂಗಿದರೆ ಆತನಿಗೆ ಕೇಳಿಸದು. ಗೆಜ್ಜೆ ಬಿಚ್ಚಬೇಕಾದರೆ ಆಕೆಯ ಕಾಲ ಬುಡಕ್ಕೇ ಕೂರಬೇಕು. ಕೂತೆ. ಗೊರಸು ಕಿವಿ ಪಕ್ಕದಿಂದ ಹಾದು ಹೋಯಿತು. ನಾನೇ ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಹಲ್ಲು ಹಚ್ಚಿದೆ. ನೂಲು, ಬೆವರು, ಉಪ್ಪು. ಒಂದು ಗೆಜ್ಜೆ ಬಿಚ್ಚಿ ಬಿತ್ತು. ಇನ್ನೊಂದಕ್ಕೆ ಕೈ ಹಾಕಿದೆ, ಗೊರಸು ನನ್ನ ಎಡಗೈ ಮೇಲೆ ಇಳಿಯಿತು. ಕೈ ಉಸುಕಿನೊಳಗೆ ಹೂತುಹೋಯಿತು, ಚರ್ಮ ಸುಲಿಯಿತು. ತಗಡಿನ ಮೇಲೆ ಆಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ.

ಹಲ್ಲಿನಿಂದ ಜಗ್ಗಿ ಹರಿದೆ. ಗೆಜ್ಜೆ ಕಳಚಿತು. ಹಾಡು ನಡೆದೇ ಇತ್ತು, ಆಕೆ ನಿಂತಳು. ಟ್ರ್ಯಾಕ್ಟರ್ ನಮ್ಮನ್ನು ಸವರಿದಂತೆ ದಾಟಿತು.

ನಾನು ಆಕೆಯ ಕಾಲಿಗೆ ಒರಗಿಯೇ ಕೂತಿದ್ದೆ. ಆ ಕಾಲು ನಡುಗುತ್ತಿತ್ತು. ಮೇಲೆ ನೋಡಿದರೆ ಕಣ್ಣಿನ ಬಿಳಿ ಅಷ್ಟೂ ಹೊರಗೆ, ಮೈಯೆಲ್ಲ ನೊರೆ. ನಾಲ್ಕು ವರ್ಷ ಆಕೆ ಖುಷಿಗೆ ಕುಣೀತಾಳ ಅಂತ ಮಂದಿಗೆ ಹೇಳಿಕೊಂಡು ತಿರುಗಿದ್ದೆ.

ಜೇವರ್ಗಿಯಲ್ಲಿ ವಿಶ್ವಾರಾಧ್ಯ ಕಾಯುತ್ತಿದ್ದ. "ಗೆಜ್ಜಿ ಎಲ್ಲಿ?"

ಕಿಸೆಯಿಂದ ತೆಗೆದು ಆತನ ಮುಂದೆ ಹಿಡಿದೆ. ಶಬ್ದ ಕೇಳಿ ಗುಲಾಬಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇವತ್ತ ನಡೀತಾಳ. ಕುಣಿಯಂಗಿಲ್ಲ," ಅಂದೆ.

"ಕುಣಿಯೋ ಕುದರಿ ಅಂತ ಹೇಳಿ ಕರಿಸೀವಿ."

"ಹಂಗಾದ್ರ ನೀವೇ ಕಟ್ರಿ."

ಆತ ಗೊರಸನ್ನು ನೋಡಿದ. ರಕ್ತ ಇಂಗಿದ ಟವೆಲ್ ಸುತ್ತಿದ ನನ್ನ ಕೈಯನ್ನು ನೋಡಿದ. ಗೆಜ್ಜೆ ಕಟ್ಟಲು ಬಗ್ಗಲಿಲ್ಲ.

"ಹೊತ್ತಾತು, ಹುಡುಗನ್ನ ಹತ್ತಸ್ರಿ," ಅಂದ.

ಬ್ಯಾಂಡು ಬಾರಿಸಿತು. ಗುಲಾಬಿ ಒಂದೊಂದೇ ಹೆಜ್ಜೆ ಊರಿ ನಡೆದಳು. ನಾನು ಲಗಾಮು ಹಿಡಿದು ಜೊತೆಗೆ ನಡೆದೆ, ಕಿಸೆಯೊಳಗಿನ ಗೆಜ್ಜೆ ಸದ್ದು ಮಾಡದಂಗೆ ಗಾಯದ ಕೈಯಿಂದ ಒತ್ತಿಕೊಂಡು.