ನಾನೇ ಹಾಕಿದ ಹಸಿರು ಗುರುತು

ಹನ್ನೊಂದು ಪರ್ಸೆಂಟ್ ಇದ್ದದ್ದು ಹತ್ತಾಯಿತು, ಇಳಿಜಾರಿನಲ್ಲೂ ಇಳಿಯುತ್ತದಲ್ಲ ಈ ಹಾಳು ಕಾರಿನ ಬ್ಯಾಟರಿ, ಏಸಿ ಆರಿಸಿದ್ದೇನೆ, ಕಿಟಕಿಯಿಂದ ಲಾರಿಯ ಹೊಗೆ ಮುಖಕ್ಕೆ ಹೊಡೆಯುತ್ತಿದೆ, ಹೊಡೆಯಲಿ, ಇನ್ನು ಏಳು ಕಿಲೋಮೀಟರ್, ಅಲ್ಲಿ ಫಾಸ್ಟ್ ಚಾರ್ಜರ್ ಇದೆ, ಇದೆ ಎಂದು ಬರೆದವಳೇ ನಾನು — ಇದೇ ನನ್ನ ಹೊಟ್ಟೆಪಾಡು, ಊರೂರು ಅಲೆದು ಚಾರ್ಜಿಂಗ್ ಸ್ಟೇಷನ್‌ಗಳಿಗೆ ಐದಕ್ಕೆ ಇಷ್ಟು ಎಂದು ಅಂಕ ಕೊಡುವುದು, ಚೆನ್ನಾಗಿದ್ದರೆ ಆ್ಯಪ್‌ನ ನಕ್ಷೆಯಲ್ಲಿ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಅಕ್ಕ ನನ್ನನ್ನು ಕರೆಯುತ್ತಿದ್ದುದೇ ಮಾರ್ಕ್ಸ್ ಮೇಡಂ ಎಂದು, ಬಡಿಸಿ ಎದುರಿಗೆ ಕೂತು, ಹೇಳಮ್ಮ ಮಾರ್ಕ್ಸ್ ಮೇಡಂ, ಇವತ್ತು ಪಾಸೋ ಫೇಲೋ. ಬೆಳಿಗ್ಗೆ ಭಾವನ ಫೋನು, ಆಸ್ಪತ್ರೆಯಿಂದ, ಉಸಿರಾಟ ತುಂಬಾ ಕಷ್ಟ ಆಗ್ತಿದೆ ಕಣಮ್ಮ, ನಾಲ್ಕು ಗಂಟೆಗೆ ಗಂಟಲಿಗೆ ಟ್ಯೂಬ್ ಹಾಕ್ತಾರಂತೆ, ಆಮೇಲೆ ಮಾತಾಡೋಕಾಗಲ್ಲ, ಮತ್ತೆ ಯಾವತ್ತಾದ್ರೂ ಆಗುತ್ತಾ ಅಂದ್ರೆ ಡಾಕ್ಟರ್ ಬಾಯಿ ಬಿಡ್ತಿಲ್ಲ, ನಿನ್ನನ್ನೇ ಕೇಳ್ತಾಳೆ, ಬಾಗಿಲನ್ನೇ ನೋಡ್ಕೊಂಡು ಮಲಗಿದ್ದಾಳೆ, ಬೇಗ ಬಾ. ಎರಡು ವರ್ಷ ಮಾತು ಬಿಟ್ಟವಳು ನಾನು, ಅವಳಲ್ಲ, ಅಮ್ಮ ಹಾಸಿಗೆ ಹಿಡಿದಾಗ ನೀನು ಎಷ್ಟು ದಿನ ಇದ್ದೆ ಹೇಳು ಎಂದಳು, ಅಷ್ಟೇ, ನಿಜವಾದ್ದರಿಂದಲೇ ಅಷ್ಟು ಉರಿಯಿತು. ಇವತ್ತು ಮೊದಲನೆಯ ಸ್ಟೇಷನ್‌ನಲ್ಲಿ ಎರಡು ಡೀಸೆಲ್ ಕಾರುಗಳು ಚಾರ್ಜರಿಗೆ ಅಡ್ಡ ನಿಂತಿದ್ದವು, ಓನರ್ ಊಟಕ್ಕೆ ಹೋಗಿದ್ದಾರೆ ಮೇಡಂ ಎಂದ ವಾಚ್‌ಮನ್, ಅರ್ಧ ಗಂಟೆ ಕಾದೆ, ಅದಕ್ಕೆ ಎರಡು. ಮುಂದಿನದರಲ್ಲಿ ಓಟಿಪಿ ಬರಲೇ ಇಲ್ಲ, ಸಹಾಯವಾಣಿಗೆ ಮಾಡಿದರೆ ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುವ ರೆಕಾರ್ಡಿಂಗ್, ಅದಕ್ಕೆ ಒಂದು — ಥೂ ನನ್ನ ಜನ್ಮಕ್ಕೆ, ಅವಳು ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಳೆ, ನಾನಿಲ್ಲಿ ಅಂಕ ಹಾಕುತ್ತಿದ್ದೇನೆ.

ಬಂತು, ಪೆಟ್ರೋಲ್ ಬಂಕಿನ ಹಿಂದೆ, ಪರದೆ ಬೆಳಗುತ್ತಿದೆ, ಸುಸ್ವಾಗತ ಎನ್ನುತ್ತಿದೆ, ದೇವರೇ, ಮೂರು ಗಂಟೆ, ಬ್ಯಾಟರಿ ಐದು ಪರ್ಸೆಂಟ್, ಆಸ್ಪತ್ರೆಗೆ ಇನ್ನು ನಲವತ್ತು ಕಿಲೋಮೀಟರ್, ಹತ್ತು ನಿಮಿಷ ಚಾರ್ಜ್ ಆದರೆ ಸಾಕು, ಕೇಬಲ್ ಎಳೆದು ಅದರ ತುದಿಯ ಗನ್ನು ಕಾರಿಗೆ ಚುಚ್ಚಿದೆ, ಹಿಡಿಯಲಿಲ್ಲ, ತೆಗೆದು ಮತ್ತೆ ಚುಚ್ಚಿದೆ, ಬಗ್ಗಿ ನೋಡಿದರೆ ಒಳಗಿನ ಪಿನ್ನು ಸುಟ್ಟು ಕಪ್ಪಗಾಗಿದೆ, ಅಂಚಿಗೆ ಹರಿದ ಜೇಡರ ಬಲೆ ಮೆತ್ತಿದೆ. ಅದು ಕೆಟ್ಟು ಮೂರು ತಿಂಗಳಾಯ್ತಲ್ಲ ಮೇಡಂ, ಬಂಕಿನವನು ಅಲ್ಲಿಂದಲೇ ಕೂಗಿದ. ನಾನು ಬಂದು ಬರೆದು ಹೋದದ್ದು ಕಳೆದ ತಿಂಗಳು. ಬಂದೆ, ಇಳಿಯಲಿಲ್ಲ, ಜೋರು ಮಳೆ, ಆವತ್ತಿನ ಹನ್ನೆರಡನೆಯ ಸ್ಟೇಷನ್, ಸೊಂಟ ಬಿದ್ದುಹೋಗಿತ್ತು, ಗಾಜಿನೊಳಗಿಂದಲೇ ಫೋಟೊ ಹೊಡೆದೆ, ಪರದೆ ಹೊತ್ತಿದೆ ಎಂದರೆ ಕೆಲಸ ಮಾಡುತ್ತದೆ ಬಿಡು, ನಾಲ್ಕೂವರೆ ಅಂಕ, ಕೆಳಗೆ ಒಂದು ಸಾಲು ಬೇರೆ, ನಂಬಿ ಬರಬಹುದು. ಪಕ್ಕದ ಕಾರಿನಿಂದ ವಯಸ್ಸಾದವರೊಬ್ಬರು ಇಳಿದರು, ನಿಮ್ಮದೂ ಇದೇ ಕಥೆನಾ ಅಮ್ಮ, ಬೆಳಿಗ್ಗೆಯಿಂದ ಕೂತಿದ್ದೀವಿ, ಯಾರೋ ಪುಣ್ಯಾತ್ಮರು ಚೆನ್ನಾಗಿದೆ ಅಂತ ಬರೆದಿದ್ದಾರೆ ನೋಡಿ, ಅವರ ಕೈಗೆ ಏನು ಬಂದಿತ್ತೋ — ಯಾರೋ ಏನೋ ಸರ್, ಎಂದೆ, ನಾನೇ ಎಂದೆ ಹಾಗೆ, ಮುಖ ನೋಡಿಕೊಂಡೇ ಎಂದೆ.

ಎಳೆದೊಯ್ಯುವ ಗಾಡಿಗೆ ಎರಡು ಗಂಟೆ ಕಾಯಬೇಕಂತೆ, ಟ್ಯಾಕ್ಸಿ ಹತ್ತಿರದಲ್ಲೆಲ್ಲೂ ಇಲ್ಲವಂತೆ, ರಸ್ತೆಗೆ ಓಡಿ ಕೈ ಅಡ್ಡ ಹಾಕಿದೆ, ಒಂದು ಲಾರಿ, ಇನ್ನೊಂದು ಲಾರಿ, ಒಂದು ವ್ಯಾನು, ಯಾರೂ ನಿಲ್ಲಿಸಲಿಲ್ಲ, ಬಾಗಿಲನ್ನೇ ನೋಡ್ಕೊಂಡು ಮಲಗಿದ್ದಾಳೆ, ನಾಲ್ಕಕ್ಕೆ ಹತ್ತು ನಿಮಿಷ, ಫೋನು ಬಡಿದುಕೊಂಡಿತು, ಭಾವನ ನಂಬರು, ಭಾವ ಅಲ್ಲ, ಅಕ್ಕ, ಎಷ್ಟೊಂದು ಸಣ್ಣ ದನಿ, ಎಲ್ಲಿದ್ದೀಯೇ, ಮತ್ತು ನಾನು, ಇನ್ನೇನು ಬಂದೇಬಿಟ್ಟೆ ಅಕ್ಕ, ಹತ್ತು ನಿಮಿಷ. ಯಾಕೆ ಹಾಗೆಂದೆ, ಯಾವ ಬಾಯಿಂದ ಅಂದೆ. ಹತ್ತೇ ನಿಮಿಷ ತಾನೆ, ಕಾಯ್ತೀನಿ ಬಾ, ಎಂದಳು, ನಕ್ಕಳೋ ಕೆಮ್ಮಿದಳೋ, ಆಮೇಲೆ ಭಾವ, ಡಾಕ್ಟರ್ ಬಂದು ನಿಂತಿದ್ದಾರೆ, ತಂಗಿ ಬರೋವರೆಗೂ ಮುಟ್ಟಬೇಡಿ ಅಂತ ಹಟ ಹಿಡಿದಿದ್ದಾಳೆ, ಆಕ್ಸಿಜನ್ ಎಂಬತ್ತಕ್ಕೆ ಇಳಿದಿದೆ ಕಣಮ್ಮ, ಹತ್ತು ನಿಮಿಷ ಆದ್ರೆ ಪರವಾಗಿಲ್ಲ ಅಂದ್ರು, ನಾನು ಗೇಟ್ ಹತ್ರ ನಿಂತಿರ್ತೀನಿ — ಭಾವ, ಇಲ್ಲ ಭಾವ, ಎನ್ನುವಷ್ಟರಲ್ಲಿ ಕಟ್ಟಾಯಿತು. ಅವಳು ನನ್ನ ಮಾತನ್ನು ನಂಬಿದಳು, ಎರಡು ವರ್ಷದ ಮೇಲೂ ನಂಬಿದಳು. ಈಗ ಭಾವನಿಗೆ ಮತ್ತೆ ಫೋನ್ ಮಾಡುತ್ತಿದ್ದೇನೆ, ಹೇಳುವುದನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದೇನೆ, ಕಾಯಬೇಡಿ, ನಾನು ಬರಲ್ಲ, ಬರೋಕಾಗಲ್ಲ, ಟ್ಯೂಬ್ ಹಾಕಿಬಿಡಿ, ಅವಳೇನು ಹೇಳಬೇಕಿತ್ತೋ ಅದು ನನಗೆ ಬೇಡ, ಅವಳು ಇರಲಿ, ರಿಂಗಾಗುತ್ತಿದೆ, ಎತ್ತಿ ಭಾವ, ರಿಂಗಾಗುತ್ತಿದೆ, ಫೋನನ್ನು ಅವಳ ದಿಂಬಿನ ಪಕ್ಕದಲ್ಲೇ ಬಿಟ್ಟು ಗೇಟಿಗೆ ಓಡಿದರೇ, ನಾಲ್ಕು ಗಂಟೆ ಎರಡು ನಿಮಿಷ, ನಾಲ್ಕು ಗಂಟೆ ಆರು ನಿಮಿಷ, ಅಕ್ಕ, ನೀನೇ ಎತ್ತು, ಕೈ ಚಾಚು, ಈ ಕಡೆ ತಿರುಗು, ತಿರುಗುವುದಿಲ್ಲ ಅವಳು, ಬಾಗಿಲನ್ನೇ ನೋಡುತ್ತಿದ್ದಾಳೆ, ಬಾಗಿಲನ್ನೇ